ಬೂದಿಜುಟ್ಟಿನ ಉತ್ತರ

ಆರು ಬ್ಯಾಟರಿಗಳಲ್ಲಿ ಒಂದು ಸುಳ್ಳು ಹೇಳುತ್ತಿತ್ತು. ಚಾರ್ಜರಿನ ಮೇಲೆ ಹಸಿರು ದೀಪ ತೋರಿಸಿ, ಕ್ಯಾಮೆರಾದೊಳಗೆ ಹೋದ ಮೇಲೆ ಇಪ್ಪತ್ತನೇ ಚಿತ್ರಕ್ಕೇ ಕೈಕೊಡುತ್ತಿತ್ತು. ನಿನ್ನೆ ಕಳ್ಳ ಸಿಕ್ಕಿಬಿದ್ದಿದ್ದ. ಆದರೆ ಗುರುತು ಹಾಕುವ ಮೊದಲೇ ಹೆಂಡತಿ ಮೇಜು ಒರೆಸಿ, ಆರನ್ನೂ ಒಂದೇ ಡಬ್ಬಿಗೆ ಸುರಿದಿದ್ದಳು. ಈಗ ಮತ್ತೆ ಮೊದಲಿನಿಂದ ಪರೀಕ್ಷೆ ನಡೆದಿತ್ತು.

ಅವನದು ಪಾಸ್‌ಪೋರ್ಟ್ ಫೋಟೋ ತೆಗೆಯುವ ಸಣ್ಣ ಸ್ಟುಡಿಯೋ. ಮುಂದೆ ಅಂಗಡಿ, ಹಿಂದೆ ಮನೆ. ಕಾಡಿನ ಕಡೆ ಹೊರಟವರಿಗೆ ಕರೆಂಟು ಸಿಗುವ ಕೊನೆಯ ಊರು ಅದು. ಅಲ್ಲಿಂದ ಒಂದೂವರೆ ದಿನ ನಡೆದರೆ ಹೊಳೆ, ಹೊಳೆಯ ಎರಡೂ ಕಡೆ ದಟ್ಟ ಕಾಡು. ನಾಳೆ ನಸುಕಿಗೆ ಹೊರಟರೆ ಹತ್ತು ದಿನ ಈ ಆರು ಬ್ಯಾಟರಿಗಳೇ ಗತಿ.

"ರೀ, ನನ್ನ ಉಣ್ಣೆ ಕಾಲುಚೀಲ ಎಲ್ಲಿ?"

"ಬ್ಯಾಟರಿಗೆ ಹಾಕ್ದೆ."

"ನನ್ ಕಾಲು ಮರಗಟ್ಟಿದ್ರೂ ಪರವಾಗಿಲ್ಲ, ಅದಕ್ಕೆ ಶೀತ ಆಗಬಾರದು ಅಲ್ವಾ?"

ಅವನು ನಗಲಿಲ್ಲ. ಹೋದ ವರ್ಷ ಶೀತವೇ ಅವನ ಕೆಲಸ ಕೆಡಿಸಿತ್ತು. ಹೊಳೆಯ ಈ ದಡದಲ್ಲಿ ಆರು ದಿನ ಕೂತಿದ್ದ. ಮೊದಲ ಮೂರು ದಿನ ಮಂಜು, ಎದುರಿನ ಮರವೇ ಕಾಣುತ್ತಿರಲಿಲ್ಲ. ನಾಲ್ಕನೇ ದಿನ ಮಂಜು ಸರಿದಾಗ ಕ್ಯಾಮೆರಾದ ಬ್ಯಾಟರಿಗಳೆಲ್ಲ ಥಂಡಿಗೆ ಸತ್ತುಬಿದ್ದಿದ್ದವು. ಅದಕ್ಕೇ ಈ ಸಲ ಕ್ಯಾಮೆರಾದ ಹಿಂದಿನ ಪರದೆಗೆ ರಟ್ಟು ಅಂಟಿಸಿದ್ದ, ತೆಗೆದ ಚಿತ್ರ ನೋಡುವ ಆಸೆಯೇ ಬೇಡವೆಂದು. ಬ್ಯಾಟರಿಯ ತಗಡನ್ನು ರಬ್ಬರಿನಿಂದ ಉಜ್ಜಿದ್ದ. ರಾತ್ರಿ ಅವನ್ನು ಹೊಟ್ಟೆಗೆ ಕಟ್ಟಿಕೊಂಡು ಮಲಗಲು ಬಟ್ಟೆಯ ಪಟ್ಟಿ ಹೊಲಿಸಿದ್ದ.

ಇಷ್ಟೆಲ್ಲ ಒಂದು ಹಕ್ಕಿಗಾಗಿ. ಬೂದಿಜುಟ್ಟು ಎಂದು ಅದರ ಹೆಸರು. ಮೂವತ್ತು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ಉಳಿದಿರುವುದು ಯಾರೋ ಹಿಂದೆ ಮಾಡಿಟ್ಟ ಒಂದು ಕ್ಯಾಸೆಟ್ಟು, ಅದರಲ್ಲಿ ಮೂರು ಕೂಗು. ಹಕ್ಕಿ ನೋಡುವ ಹುಚ್ಚಿನವರೆಲ್ಲ ಅದರ ಪ್ರತಿ ಇಟ್ಟುಕೊಂಡಿದ್ದರು. ಹಕ್ಕಿ ಕೂಗುವುದು ವರ್ಷದಲ್ಲಿ ಈ ಒಂದು ತಿಂಗಳು ಮಾತ್ರ. ಕಾಡಿನಲ್ಲಿ ಟೇಪು ಹಾಕಿ ಕಾಯಬೇಕು. ಇದ್ದರೆ ಉತ್ತರ ಕೊಡುತ್ತದೆ.

ಅವನಿಗೆ ಕೊಟ್ಟಿತ್ತು. ಮೊದಲ ದಿನವೇ, ಆ ದಡದಿಂದ. ಕ್ಯಾಸೆಟ್ಟಿನಲ್ಲಿದ್ದಂತೆಯೇ ಮೂರು ಕೂಗು, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ಅವನು ಮಗುವಿನಂತೆ ಅತ್ತುಬಿಟ್ಟಿದ್ದ. ಐದನೇ ದಿನ ಮಾತ್ರ ಆ ದನಿ ಕುಸಿಯಿತು. ದಪ್ಪಗಾಯಿತು, ಎಳೆದೆಳೆದು ನರಳಿದಂತಾಯಿತು. ಆರನೇ ದಿನ ಅವನು ಎಷ್ಟು ಸಲ ಟೇಪು ಹಾಕಿ ಕರೆದರೂ ಉತ್ತರವಿಲ್ಲ. ಹಕ್ಕಿಗೆ ವಯಸ್ಸಾಗಿದೆ, ಕಾಯಿಲೆಯಿದೆ ಎಂದುಕೊಂಡು ಬಂದಿದ್ದ. ವರ್ಷವಿಡೀ ಅದೇ ಸಂಕಟ.

ಅರಣ್ಯ ಅಧಿಕಾರಿಯ ಬಾಗಿಲಿಗೆ ಅಲೆದು ಚಪ್ಪಲಿ ಸವೆದಿತ್ತು. ಆ ಕಣಿವೆಯಲ್ಲಿ ಅಣೆಕಟ್ಟು ಬರುವುದಿತ್ತು.

"ತಿಂಗಳ ಕೊನೆಗೆ ಮರ ಕಡಿಯೋರು ಬರ್ತಾರೆ," ಎಂದಿದ್ದರು ಅಧಿಕಾರಿ. "ಒಂದೇ ಒಂದು ಫೋಟೋ ತನ್ನಿ, ತಡೀತೀನಿ. ಬರೀ ಕೂಗು ಕೇಳಿಸ್ತು ಅಂದ್ರೆ ಕಡತದಲ್ಲಿ ಏನಂತ ಬರೀಲಿ?"

ಅವರು ಕೆಟ್ಟವರಲ್ಲ. ಅದೇ ಅವನಿಗೆ ಇನ್ನಷ್ಟು ಕಷ್ಟವಾಗಿತ್ತು.

ನಾಲ್ಕನೇ ಬ್ಯಾಟರಿ ಹದಿನೆಂಟಕ್ಕೇ ಬಾಯಿಬಿಟ್ಟಿತು. ಕಳ್ಳ ಸಿಕ್ಕ. ಅದನ್ನು ಕಸದ ಬುಟ್ಟಿಗೆ ಎಸೆಯುವ ಹೊತ್ತಿಗೆ ಅಂಗಡಿಗೆ ಒಬ್ಬ ಹಿರಿಯ ಹೆಂಗಸು ಬಂದರು. ಬೆನ್ನಿಗೆ ಭಾರದ ಚೀಲ, ಕೊರಳಲ್ಲಿ ದುರ್ಬೀನು.

"ದೊಡ್ಡ ಸೆಲ್ಲು ಇದೆಯೇನಪ್ಪಾ? ಎರಡು ಡಜನ್ ಕೊಡು."

"ಅಷ್ಟೊಂದಾ ಅಮ್ಮಾ? ಎಲ್ಲಿಗೆ ಹೊರಟ್ರಿ?"

"ಹೊಳೆ ಆಚೆ ದಡಕ್ಕೆ. ರಿಟೈರ್ಡ್ ಟೀಚರ್ ನಾನು, ಮನೇಲಿ ಕೂತು ಏನ್ ಮಾಡ್ಲಿ? ಹೋದ ವರ್ಷನೂ ಇದೇ ತಿಂಗಳು ಹೋಗಿದ್ದೆ." ಅವರು ಚೀಲದಿಂದ ಹಳೆಯ ಟೇಪ್ ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟರು. "ಆಗ ಇದು ಕೈಕೊಡ್ತು ನೋಡು. ಐದನೇ ದಿನಕ್ಕೆ ಸೆಲ್ಲು ಇಳಿದು, ಕೂಗು ಎಳೆದೆಳೆದು, ನೆಗಡಿಯಾದೋರ ಹಾಗೆ ಆಗೋಯ್ತು. ಆರನೇ ದಿನ ನಿಂತೇ ಹೋಯ್ತು."

ಸೆಲ್ಲಿನ ಪೊಟ್ಟಣ ಹಿಡಿದಿದ್ದ ಅವನ ಕೈ ಅಲ್ಲೇ ನಿಂತಿತು. ವಯಸ್ಸಾದ ಹಕ್ಕಿಯಿಲ್ಲ, ಕಾಯಿಲೆಯ ಹಕ್ಕಿಯಿಲ್ಲ. ಆ ದಡದಲ್ಲಿ ಇದ್ದದ್ದು ಈ ತಾಯಿ, ಈ ಪೆಟ್ಟಿಗೆ. ಒಂದು ವರ್ಷ ಅವನು ಕಾದದ್ದು, ಅಲೆದದ್ದು, ಬೇಡಿದ್ದು ಇದಕ್ಕೆ. ಒಳಮನೆಯ ಬಾಗಿಲಲ್ಲಿ ಹೆಂಡತಿ ಕಾಲುಚೀಲಗಳನ್ನು ಹಿಡಿದು ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ.

ಹೋಗಲಿ, ಇವರಿಗಾದರೂ ಹೇಳಿಬಿಡಬೇಕು. ಈ ವಯಸ್ಸಿನಲ್ಲಿ ಅಷ್ಟು ದೂರದ ನಡಿಗೆಯಾದರೂ ತಪ್ಪಲಿ.

"ಅಮ್ಮಾ," ಎಂದ, "ಹೋಗಬೇಡಿ. ಅಲ್ಲಿ ಹಕ್ಕಿ ಇಲ್ಲ."

"ಇಲ್ಲ ಅಂತೀಯಾ?" ಅವರ ಮುಖ ಅರಳಿತು. "ನನ್ನ ಕಿವಿಯಾರೆ ಕೇಳಿದೀನಿ ಕಣಪ್ಪಾ, ಟೇಪು ಹಾಕಿದಾಗಲೆಲ್ಲ ಹೊಳೆಯ ಈ ದಡದಿಂದ ಮೂರು ಸಲ ಉತ್ತರ ಕೊಡ್ತಿತ್ತು, ಆರನೇ ದಿನ ನನ್ನ ಟೇಪು ಸತ್ತ ಮೇಲೂ ಪಾಪ ಅದೊಂದೇ ಕರೀತಾನೇ ಇತ್ತು."