ಗೇಟಿಗೆ ಬರೆದ ಎರಡು ಸಾಲು

ಸಂಜೆ ಆರಕ್ಕೆ ಅಪಾರ್ಟ್‌ಮೆಂಟಿನ ಹೊಸ ಗೇಟು ಚಾಲೂ ಆಯಿತು. ಬಂದವರು ಹೆಸರು ಟೈಪ್ ಮಾಡಬೇಕು. ಮನೆಯವರು ಮೊದಲೇ ಒಪ್ಪಿದ ಹೆಸರಾದರೆ ಮಾತ್ರ ಅದು ತೆರೆಯುತ್ತದೆ. ಹತ್ತಿರ ಸುಳಿಯಬಾರದೆಂದು ಕೋರ್ಟು ಹೇಳಿದ್ದರೂ ಬೆನ್ನುಬಿಡದ ಗಂಡನಿಗೆ ಹೆದರಿ ಊರನ್ನೇ ಬದಲಿಸಿದ್ದ ತಾರಿಣಿ, ಗೇಟಿನ ಕೋಡ್ ಬರೆದ ಎಂಜಿನಿಯರ್ ನವನೀತನನ್ನು ಮನೆಗೇ ಕರೆಸಿಕೊಂಡಳು.

"ಹೆಸರಿನ ಬದಲು ಬೇರೇನಾದ್ರೂ ಟೈಪ್ ಮಾಡಿದ್ರೆ?"

"ಪೈಥಾನ್‌ನಲ್ಲಿ ಬರೆದಿದೀನಿ ಮೇಡಂ, ಅದೊಂದು ಕಂಪ್ಯೂಟರ್ ಭಾಷೆ. ಟೈಪ್ ಮಾಡಿದ್ದನ್ನೇ ಆಜ್ಞೆ ಅಂತ ನಡೆಸೋ ಸೌಕರ್ಯ ಇದರಲ್ಲಿದೆ. ಅದನ್ನ ಬಳಸಿದ್ದಕ್ಕೆ ಎರಡೇ ಸಾಲಲ್ಲಿ ಕೆಲಸ ಮುಗೀತು."

"ಅಂದ್ರೆ, ಗೇಟು ತೆರೆಯೋ ಆಜ್ಞೆನೇ ಯಾರಾದ್ರೂ ಅಲ್ಲಿ ಬರೆದ್ರೆ?"

ನವನೀತ ನಕ್ಕ. "ತೆರೆಯುತ್ತೆ. ಆದ್ರೆ ಒಳಗೆ ಹೀಗಿದೆ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗುತ್ತೆ, ಬಿಡಿ. ನಮ್ಮ ಮೇಷ್ಟ್ರು ಕಲಿಸಿದ್ದೇ ಹೀಗೆ. 'ಎರಡು ಸಾಲಿನ ಕೆಲಸಕ್ಕೆ ಇಪ್ಪತ್ತು ಸಾಲು ಬರೆಯೋನು ಗುಮಾಸ್ತ ಕಣೋ' ಅಂತಿದ್ರು."

ಇದೇ ಮಾತನ್ನು ತಾರಿಣಿ ಗಂಡನ ಬಾಯಿಂದಲೇ, ಊಟಕ್ಕೆ ಕೂತಾಗಲೆಲ್ಲ ಕೇಳಿದ್ದಳು.

"ಅವರಿಗೆ ಇದನ್ನ ತೋರಿಸಿದ್ರಾ?"

"ಬೆಳಿಗ್ಗೆನೇ ಕಳಿಸ್ದೆ. ಇಲ್ಲಿನ ವಿಳಾಸ, ಇಲ್ಲಿರೋರ ಹೆಸರು ಎಲ್ಲ ಅದರಲ್ಲೇ ಇತ್ತು. ಓದಿ ತುಂಬ ಖುಷಿಪಟ್ರು."

ಕೆಳಗೆ ಗೇಟು ತೆರೆದುಕೊಂಡ ಸದ್ದಾಯಿತು.