ಪಕ್ಕದ ಎಲೆಯವನು

ತೂಕ ಇಳಿಸಲು ಆಪರೇಷನ್ನಿನಲ್ಲಿ ಹೊಟ್ಟೆ ಚಿಕ್ಕದು ಮಾಡಿಸಿಕೊಂಡವರಿಗೆಲ್ಲ ಆಗುವಂತೆ, ನಾನು ಇಳಿಸಿದ ತೂಕವೂ ನನ್ನದೇ ಮುಖ ಹೊತ್ತು ಜೊತೆಯಲ್ಲೇ ಓಡಾಡುತ್ತದೆ. ತೆಳ್ಳಗಾದ ನನ್ನನ್ನು ನೋಡಿ ನೆಂಟರೆಲ್ಲ ಬೆರಗಾಗಲಿ ಎಂದು ಟೈಟ್ ಶರ್ಟು ತೊಟ್ಟು ತುಂಗತ್ತೆಯ ಮಗಳ ಮದುವೆಗೆ ಹೋದರೆ, ಅದೂ ಬಂದು ಪಕ್ಕದ ಎಲೆಗೇ ಕೂತಿತು. ಒಂದು ಚೂರು ಹೋಳಿಗೆಗೇ ನನಗೆ ಬೆವರು ಕಿತ್ತುಕೊಂಡು ಬಂತು, ತಲೆ ಗಿರ್ರೆಂದಿತು. ಅದು ಐದನೆಯದಕ್ಕೆ ತುಪ್ಪ ಕೇಳುತ್ತಿತ್ತು.

ಬಡಿಸಲು ಬಂದ ತುಂಗತ್ತೆ ಅದರ ಬೆನ್ನು ಸವರಿ, "ನಮ್ಮ ಪಾಂಡು ಕೂತರೇನೇ ಪಂಕ್ತಿಗೊಂದು ಕಳೆ!" ಎಂದರು. ಪಾಂಡು ನಾನು. ಆಮೇಲೆ ನನ್ನತ್ತ ತಿರುಗಿ ಕೇಳಿದರು: "ನೀವು ಗಂಡಿನ ಕಡೆಯೋರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅದೇ ಹೇಳಿತು: "ಅಲ್ಲತ್ತೆ, ನನ್ನ ಜೊತೆ ಬಂದೋರು. ಪಾಪ, ಏನೂ ಸೇರಲ್ಲ. ಒಂದು ಲೋಟ ಮಜ್ಜಿಗೆ ಕೊಡಿ, ಸಾಕು. ಅವರ ಹೋಳಿಗೆ ಇತ್ತ ಹಾಕಿ."