ಹತ್ತನೆಯ ದಿನದ ತಾರಸಿ

ತಾರಸಿ ಹಾಕಿ ಹತ್ತೇ ದಿನಕ್ಕೆ ಮೇಸ್ತ್ರಿ ಹುಲುಗಪ್ಪ ಅದಕ್ಕೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಕಂಬಗಳನ್ನು ಬಿಚ್ಚಲು ಬಂದುಬಿಟ್ಟಿದ್ದ. ಮರುದಿನ ಇನ್ನೊಂದು ಮನೆಯ ತಾರಸಿಗೆ ಇವೇ ಕಂಬಗಳು ಬೇಕಿದ್ದವು. ಮೊದಲ ಕಂಬದ ಬುಡದ ಬೆಣೆಯನ್ನು ಅವನು ಸಡಿಲಿಸುವಷ್ಟರಲ್ಲಿ ಮನೆಯೊಡತಿ ಹಂಪವ್ವ ಅಡ್ಡ ಬಂದು ನಿಂತಳು.

“ಇದು ಉಕ್ಕಿನ ಕಾರ್ಖಾನಿ ಕಿಟ್ಟ ಬೆರೆಸಿದ ಸಿಮೆಂಟು, ನಿಧಾನಕ್ಕ ಗಟ್ಟಿ ಆಗತೈತಿ, ಮೂರು ವಾರ ಕಂಬ ಮುಟ್ಟಬ್ಯಾಡ್ರಿ ಅಂತ ಇಂಜಿನಿಯರು ಹೇಳಿಲ್ಲೇನಪ್ಪಾ?”

“ಮ್ಯಾಲೆ ಮೊಳೆ ಹೊಡದು ನೋಡೀನವ್ವಾ, ಇಳೀಲಿಲ್ಲ. ಕಲ್ಲಾಗೈತಿ.”

“ನನ್ನ ಗಂಡ ಕಾರ್ಖಾನ್ಯಾಗ ಮೂವತ್ತು ವರ್ಷ ಇದೇ ಕಿಟ್ಟ ಬಳದಾನ. ಅವನೂ ಹಿಂಗ ನಿಧಾನ. ಮದುವಿ ದಿನ ಮಾಡಿದ ಚಾಷ್ಟಿಗೆ ಮೂರನೇ ಕೂಸು ಹುಟ್ಟಿದ ಮ್ಯಾಲೆ ನಕ್ಕ.”

ಹುಲುಗಪ್ಪನಿಗೆ ನಗು ಬರಲಿಲ್ಲ. ಇಂಜಿನಿಯರ ಮಾತು ಅವನನ್ನೂ ಒಳಗೊಳಗೇ ಕೊರೆಯುತ್ತಿತ್ತು. ಆದರೆ ಆ ಇನ್ನೊಂದು ಮನೆಯವರಿಗೆ ಮಾತು ಕೊಟ್ಟಾಗಿತ್ತು.

“ಬೀಳಂಗಿಲ್ಲವ್ವಾ. ಬೇಕಾದ್ರ ಕಂಬ ತೆಗದು ನಾನ ಕೆಳಗ ನಿಂದರತೀನಿ.”

“ಅಷ್ಟು ನಂಬಿಕಿ ಐತೇನು?”

“ಐತಿ.”

ಹಂಪವ್ವ ಸರಿದು ದಾರಿ ಬಿಟ್ಟಳು. “ಹಂಗಾದ್ರ ಬಿಚ್ಚಪ್ಪ. ಹೊಸ ತಾರಸಿ ಕೆಳಗ ಮೊದಲ ಊಟ ಮೇಸ್ತ್ರಿ ಮನಿಯವರಿಗೆ ಹಾಕೂದು ನಮ್ಮ ಪದ್ಧತಿ. ನೀ ಇವತ್ತ ಬರತಿ ಅಂತ ನಿನ್ನೇನ ಗೊತ್ತಾಗಿ ಹೋಳಿಗಿ ಮಾಡೀನಿ, ನಿಮ್ಮ ಮನಿಗೂ ಹೇಳಿ ಕಳಿಸೀನಿ. ನಿನ್ನ ಹೆಂಡ್ತಿ, ಎರಡೂ ಮಕ್ಕಳು ಆಗಲೇ ಬಂದು ಹೊರಗ ಕುಂತಾರ. ಇಲ್ಲೇ ನಡುವ ಚಾಪಿ ಹಾಸಲೇನು?”

ಹುಲುಗಪ್ಪ ಸುತ್ತಿಗೆ ಎತ್ತಿ, ಸಡಿಲಾಗಿದ್ದ ಬೆಣೆಯನ್ನು ಮತ್ತೆ ಬಿಗಿಯಾಗಿ ಬಡಿದ.